ಮುಶಿ ಮೀನಿನ ಮಿದುಳು ತೆಗೆಯುವ ಸಾಯಬಣ್ಣ

೧೯೭೭ರ ಒಂದು ಬೆಳಗಿನ ಐದೂವರೆ. ಸಸೂನ್ ಡಾಕ್ ಮೀನುಬಂದರಿನಲ್ಲಿ ದೋಣಿಗಳು ಬಂದು ನಿಂತಿವೆ. ಮೀನು ಮಾರುವ ಕೋಳಿ ಸಮುದಾಯದ ಹೆಂಗಸರು ಪಾಪ್ಲೆಟ್ ಮೀನಿನ ಬುಟ್ಟಿಗಳಿಗೆ ಮುಗಿಬಿದ್ದಿದ್ದರೆ, ಸಾಯಬಣ್ಣ ಒಂದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಮುಶಿ ಮೀನುಗಳ ಕಿವಿರಿನ ಮೇಲೆ ಬೆರಳಿಟ್ಟು ನೋಡುತ್ತಿದ್ದಾರೆ. ಮುಶಿಯೆಂದರೆ ಮೊಳದುದ್ದದ ಸಣ್ಣ ಶಾರ್ಕ್. ಮೈಯಲ್ಲಿ ಒಂದು ಮೂಳೆಯೂ ಇಲ್ಲದ, ಬಹು ಪುರಾತನ ಜಾತಿ. ಇನ್ನೂ ಉಸಿರಾಡುತ್ತಿರುವ ಮೂರನ್ನು ಅವರು ಸಮುದ್ರದ ನೀರಿನ ಡ್ರಮ್ಮಿಗೆ ಇಳಿಸಿ, ಕೈಗಾಡಿ ತಳ್ಳಿಕೊಂಡು, ಮಿದುಳಿನ ಅಭ್ಯಾಸ ನಡೆಯುವ ತಮ್ಮ ಪ್ರಯೋಗಾಲಯಕ್ಕೆ ಹೊರಡುತ್ತಾರೆ.

"ಸತ್ತ ಮೀನು ನಡ್ಯಾಂಗಿಲ್ರಿ. ಜೀವ ಹೋಗಿ ಐದು ಮಿನಿಟಾದ್ರ ತಲ್ಯಾಗಿಂದು ಕೆಡ್ತದ," ಎನ್ನುತ್ತಾರೆ.

ಅವರಿಗೆ ಮಿದುಳು ತೆಗೆಯಲು ಎರಡು ನಿಮಿಷ ಸಾಕು. ಅದನ್ನು ತಕ್ಷಣ ಹೆಪ್ಪುಗಟ್ಟಿಸಿ, ಒಣಗಿಸಿ, ಫಾರ್ಮಲಿನ್ ಹಬೆಗೆ ಹಿಡಿದು, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾಗಿ ಕೊಯ್ಯುತ್ತಾರೆ. ಒಂದು ಮಿದುಳಿಗೆ ಇನ್ನೂರು ಬಿಲ್ಲೆ. ವಿಶೇಷ ಬೆಳಕಿನ ಸೂಕ್ಷ್ಮದರ್ಶಕದಡಿ ಅದರಲ್ಲಿ ಹಸಿರು ಎಳೆಗಳು ಮಿನುಗುತ್ತವೆ. ಅದು ಡೋಪಮೀನ್ ಎಂಬ ರಸ ಹರಿಯುವ ದಾರಿ. ಎಂಟು ವರ್ಷಗಳ ಹಬೆ ಸಾಯಬಣ್ಣನವರ ಮೂಗಿನ ವಾಸನೆ ಹಿಡಿಯುವ ಶಕ್ತಿ ಕಳೆದಿದೆ. ಕಣ್ಣು ಸದಾ ಕೆಂಪು.

ಗುಲ್ಬರ್ಗಾ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಸಾರುವೆಯ ಅಟ್ಟಣೆಯಿಂದ ಬಿದ್ದು ಸೊಂಟ ಹೋದ ಮೇಲೆ, ೧೯೬೮ರಲ್ಲಿ, ಇಲ್ಲಿ ಬಾಟಲಿ ತೊಳೆಯಲು ಸೇರಿದರು. ಕೊಯ್ಯುವುದನ್ನು ಕಲಿಸಿದವರು ಮಂಗಳೂರು ಮೂಲದ ವಿಜ್ಞಾನಿ ವಿನೋದಿನಿ. ಈ ರಸ ಬತ್ತಿದರೆ ಮನುಷ್ಯರ ಕೈಕಾಲು ನಡುಗಿ, ಮೈ ಮರಗಟ್ಟುತ್ತದೆ ಎಂದು ಅವರು ಒಮ್ಮೆ ಹೇಳಿದಾಗ ಸಾಯಬಣ್ಣನವರ ಕೈಯ ಕೆಲಸ ನಿಂತಿತು. ಚೆಂಬೂರಿನ ಚಾಳಿನಲ್ಲಿ ಹೆಂಡತಿ ಭಾಗವ್ವನಿಗೆ ಒಂದು ವರ್ಷದಿಂದ ರೊಟ್ಟಿ ತಟ್ಟಲು ಆಗುತ್ತಿರಲಿಲ್ಲ.

"ಈ ಹಸಿರು ತಗದು ಆಕಿಗಿ ಕೊಡ್ಲಾಕ ಬರ್ತದೇನ್ರಿ ಬಾಯಾರ, ಅಂತ ಕೇಳ್ದೆ. ಇಲ್ಲ ಅಂದ್ರು. ಅವರೂ ಅತ್ತರು."

ವಿನೋದಿನಿಯವರೇ ಭಾಗವ್ವನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದು, ಪರದೇಶದ ಗುಳಿಗೆ ಕೊಡಿಸಿದರು. ಹದಿನಾಲ್ಕು ತಿಂಗಳು ಆಕೆ ತನ್ನ ಕೈಯಾರೆ ಉಂಡಳು. ಆಮೇಲೆ ಗುಳಿಗೆ ನಾಟಲಿಲ್ಲ. ಮೂರು ವರ್ಷ ಹಾಸಿಗೆ ಹಿಡಿದು, ಹೋದ ಆಷಾಢದಲ್ಲಿ ತೀರಿಕೊಂಡಳು.

ಆಸ್ಪತ್ರೆಯವರು ಅಭ್ಯಾಸಕ್ಕೆ ಮಿದುಳು ಕೇಳಿದರು. ಸಾಯಬಣ್ಣ ಒಪ್ಪಿದರು. ಪವಾಯಿಯಲ್ಲಿ ಗಾರೆ ಕೆಲಸ ಮಾಡುವ ಅವರ ಅಣ್ಣ ಬಂಡೆಪ್ಪ, ಹೆಣದ ತಲೆ ಒಡೆಸಿದವನ ಮುಖ ನೋಡುವುದಿಲ್ಲ ಎಂದು ಮಣ್ಣು ಕೊಡಲೂ ನಿಲ್ಲದೆ ಹೋದರು. ಇಂದಿಗೂ ಮಾತಿಲ್ಲ.

ತೆಳುವಾಗಿ ಕೊಯ್ಯಲು ಆ ಮಿದುಳಿನ ತುಂಡು ಬಂದದ್ದು ಇದೇ ಪ್ರಯೋಗಾಲಯಕ್ಕೆ. ನೀವು ರಜೆಯ ಮೇಲೆ ಹೋಗಿ ಎಂದು ವಿನೋದಿನಿ ಎಷ್ಟು ಹೇಳಿದರೂ ಸಾಯಬಣ್ಣ ಹೋಗಲಿಲ್ಲ. ನಡುಮಿದುಳಿನಲ್ಲಿ ಆ ರಸ ಹುಟ್ಟುವ, ಕಪ್ಪಾಗಿರಬೇಕಿದ್ದ ಜಾಗ ಬಿಳಿಚಿಕೊಂಡಿತ್ತು.

ಇದನ್ನು ಹೇಳುವಾಗ ಅವರು ಅಲಗು ಒರೆಸುತ್ತಿದ್ದಾರೆ. ಅಣ್ಣ ಒಮ್ಮೆ ಮನೆಗೆ ಬರಬೇಕು, ಬೈದರೂ ಸರಿ ಎನ್ನುವುದೊಂದೇ ಅವರ ಆಸೆ.

"ಬ್ಯಾರೆಯವರ ಕೈಯಾಗ ಕೊಟ್ಟಿಲ್ರಿ ಆಕಿನ್ನ. ನಾನೇ ಕೊಯ್ದೆ. ಒಂದು ಬಿಲ್ಲೆನೂ ಹರೀಲಿಲ್ಲ. ಅಣ್ಣಗ ಇಷ್ಟು ತಿಳಿದ್ರ ಸಾಕು."