ರಾಮನವಮಿಗೆ ಮುಂಚೆ ಮುಚ್ಚಿಸಿದ ಬಾವಿ

ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಚಾಮರಾಜಪೇಟೆ ಭಾಗಕ್ಕೆ ಲೇಡಿ ಡಾಕ್ಟರ್. ಹೆರಿಗೆ ನೋಡುವುದು ನನ್ನ ಮುಖ್ಯ ಕೆಲಸ. ಬೇಸಿಗೆ ಬಂದರೆ ಕಾಲರಾ ಡ್ಯೂಟಿಯೂ ಹೆಗಲಿಗೇರುತ್ತಿತ್ತು. ಗಂಡಸು ಡಾಕ್ಟರನ್ನು ನಡುಮನೆ ದಾಟಲು ಬಿಡದ ಮನೆಗಳು ಆಗ ಬೇಕಾದಷ್ಟಿದ್ದವು.

ರಾಮನವಮಿ ಹತ್ತಿರ ಬಂದಿತ್ತು. ಒಂದು ವಠಾರದಿಂದ ಸಾವಿತ್ರಿ ಎಂಬ ಹೊಸ ಸೊಸೆಯನ್ನು ಜಟಕಾದಲ್ಲಿ ನಮ್ಮ ಐಸೊಲೇಷನ್ ವಾರ್ಡಿಗೆ ತಂದರು. ಅಕ್ಕಿ ತೊಳೆದ ನೀರಿನಂಥ ಭೇದಿ, ಗುಳಿಬಿದ್ದ ಕಣ್ಣು, ಬೆರಳಿಗೆ ಸಿಗದ ನಾಡಿ. ಕಷ್ಟಪಟ್ಟು ರಕ್ತನಾಳ ಹುಡುಕಿ ಸಲೈನ್ ಏರಿಸಿದೆವು. ತಂದದ್ದು ತಡವಾಗಿತ್ತು. ಮಾರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟಳು. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಯಾರ ಮೇಲೆಂದು ನನಗೇ ಗೊತ್ತಿರಲಿಲ್ಲ.

ಭೇದಿಯ ಮಾದರಿ ಲ್ಯಾಬಿಗೆ ಹೋಗಿತ್ತು. ಮೈಕ್ರೋಸ್ಕೋಪಿನಲ್ಲಿ ವಿಬ್ರಿಯೋ ಕಂಡಿತು: ಅಲ್ಪವಿರಾಮದ ಹಾಗೆ ಬಾಗಿದ, ಸರಸರನೆ ಓಡಾಡುವ ಬ್ಯಾಕ್ಟೀರಿಯಾ. ಗ್ರಾಮ್ ಸ್ಟೇನ್ ಎಂಬ ಬಣ್ಣದ ಪರೀಕ್ಷೆಯಲ್ಲಿ ಅದು ನೇರಳೆಯನ್ನು ಬಿಟ್ಟುಕೊಟ್ಟು ಕೆಂಪಗೆ ಕಾಣುತ್ತದೆ. ಅದಕ್ಕೇ ಗ್ರಾಮ್ ನೆಗೆಟಿವ್ ಎನ್ನುತ್ತಾರೆ. ಆ ವಠಾರದ ಬಾವಿಯ ನೀರಿನಲ್ಲೂ ಅದೇ ಸಿಕ್ಕಿತು. ಪಕ್ಕದ ಚರಂಡಿ ಬಿರುಕುಬಿಟ್ಟು ಒಳಗೊಳಗೇ ಬಾವಿಗೆ ಜಿನುಗುತ್ತಿತ್ತು.

ಹಾಗೆ ನೋಡಿದರೆ ವಠಾರದ ಬಾಗಿಲಲ್ಲೇ ಕಾರ್ಪೊರೇಷನ್ ನಲ್ಲಿ ಇತ್ತು. ಆದರೆ ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆಂದು ಮಡಿಯವರು ಆ ನೀರನ್ನು ಪಾತ್ರೆ ತೊಳೆಯಲು ಮಾತ್ರ ಬಳಸುತ್ತಿದ್ದರು. ಕುಡಿಯುವುದಕ್ಕೆ, ಅಡಿಗೆಗೆ, ದೇವರಿಗೆ ಬಾವಿಯ ನೀರೇ. ರಾಮನವಮಿಯ ದಿನ ಇಡೀ ಬೀದಿಗೆ ಹಂಚುವ ಪಾನಕಕ್ಕೂ ಅದೇ. ಬ್ಲೀಚಿಂಗ್ ಪೌಡರ್ ತೆಗೆದುಕೊಂಡು ಹೋದ ನಮ್ಮ ಹೆಲ್ತ್ ಇನ್ಸ್‌ಪೆಕ್ಟರನ್ನು, "ದೇವರ ನೀರಿಗೆ ಪುಡಿ ಹಾಕ್ತೀರೇನ್ರೀ?" ಎಂದು ಬೈದು ಕಳಿಸಿದ್ದರು. ವಠಾರದಲ್ಲಿ ನಡೆಯುತ್ತಿದ್ದುದು ಒಬ್ಬರ ಮಾತು ಮಾತ್ರ: ಸಾವಿತ್ರಿಯ ಅತ್ತೆ ತುಂಗಮ್ಮನವರದು.

ಹಬ್ಬದ ಹಿಂದಿನ ದಿನ ನಾನೇ ಹೋದೆ. ಎದುರುಮನೆಯಲ್ಲಿ ಆಗಲೇ ಬೆಲ್ಲ ಕುಟ್ಟುತ್ತಿದ್ದರು. ತುಂಗಮ್ಮ ಜಗಲಿಯ ಮೂಲೆಯಲ್ಲಿ ಒರಗಿ ಕೂತಿದ್ದರು. ನಾನು ಪಕ್ಕದಲ್ಲಿ ಕೂರಹೋದರೆ, "ಸೂತಕ ಕಣಮ್ಮ, ದೂರ ಇರಿ" ಅಂದರು. ನಾನು ಪಕ್ಕದಲ್ಲೇ ಕೂತೆ.

ಅವರೇ ಕೇಳಿದರು. "ಅವಳು ಬಾಯಾರಿಕೆ ಅಂತ ನಲ್ಲಿ ಹತ್ರ ಹೋಗಿದ್ಲು. ಬೇಡ ಕಣೇ, ಮೈಲಿಗೆ ಅಂತ ನಾನೇ ಬಾವಿಯಿಂದ ಸೇದಿ ಕೊಟ್ಟೆ. ದಿನಾ ನಾನೇ ಕೊಡ್ತಿದ್ದೆ. ಆ ನೀರಿಂದ್ಲೇ ಏನಮ್ಮಾ?"

ಒಂದೇ ನೀರು ಕುಡಿದವರಲ್ಲಿ ಕೆಲವರು ಸಾಯುತ್ತಾರೆ, ಕೆಲವರಿಗೆ ಏನೂ ಆಗುವುದಿಲ್ಲ. ಕಾಲರಾದ ಸ್ವಭಾವವೇ ಹಾಗೆ. ಅದನ್ನು ಮುಂದಿಟ್ಟು, "ಹಾಗೇನಿಲ್ಲಮ್ಮ, ಅವಳ ಹಣೆಬರಹ" ಎಂದು ನುಣುಚಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಎದುರುಮನೆಯ ಕುಟ್ಟಾಣಿಯ ಸದ್ದು ನಿಂತಿರಲಿಲ್ಲ. ಬೀದಿಯ ಮಕ್ಕಳೆಲ್ಲ ನಾಳೆ ಲೋಟ ಹಿಡಿದು ಬರುವವರಿದ್ದರು.

ಅವರ ಕೈ ಹಿಡಿದುಕೊಂಡೆ. "ಹೌದಮ್ಮ. ಆ ನೀರಿಂದ್ಲೇ. ನಿಮಗೆ ಗೊತ್ತಿರ್ಲಿಲ್ಲ."

ಅವರು ಅಳಲಿಲ್ಲ. ಎದ್ದು, ಬಾವಿಯ ರಾಟೆಯಿಂದ ಹಗ್ಗ ಬಿಚ್ಚಿ ನನ್ನ ಕಾಲ ಬಳಿ ಹಾಕಿದರು. ಎದುರುಮನೆಯ ಕಡೆ ತಿರುಗಿ, "ಪದ್ದೂ, ಪಾನಕ ನಲ್ಲಿ ನೀರಲ್ಲೇ ಮಾಡು. ಅದೂ ಕಾಯಿಸಿ ಆರಿಸಿ. ಪಾಪ ಬಂದ್ರೆ ನನಗೆ ಬರ್ಲಿ" ಎಂದು ಕೂಗಿ ಹೇಳಿದರು. ಅಂದು ಸಂಜೆಯೇ ಬಾವಿಗೆ ಹಲಗೆ ಬಡಿಸಿದೆವು. ಆ ಬೀದಿಯಿಂದ ಆ ಬೇಸಿಗೆಯಲ್ಲಿ ಮತ್ತೆ ಯಾರೂ ನಮ್ಮ ವಾರ್ಡಿಗೆ ಬರಲಿಲ್ಲ.

ಮಡಿಯವರನ್ನು ಮೂಢರೆಂದು ನಗುವ ಡಾಕ್ಟರುಗಳನ್ನು ಆಮೇಲೆ ಬಹಳ ಕಂಡೆ. ನನಗೆ ನಗು ಬರಲಿಲ್ಲ. ಆ ಹೆಂಗಸು ಸೊಸೆಗೆ ತನಗೆ ಗೊತ್ತಿದ್ದ ಅತ್ಯಂತ ಶುದ್ಧವಾದ ನೀರನ್ನೇ ಕೊಟ್ಟಿದ್ದರು. ಇಂಥವರಿಗೆ ಸತ್ಯ ಹೇಳಲೇಬೇಕು, ಬೇರೆ ದಾರಿಯಿಲ್ಲ. ಆದರೆ ಅಂದಿನಿಂದ ರಿಟೈರ್ ಆಗುವವರೆಗೂ ನಾನು ಯಾರಿಗೂ ಕೆಟ್ಟ ಸುದ್ದಿಯನ್ನು ನಿಂತುಕೊಂಡು ಹೇಳಲಿಲ್ಲ.