ಮೊಸರಿನವರು ಬಾರದ ಬೆಳಿಗ್ಗೆ

ತಿಪ್ಪವ್ವನವರನ್ನು ನಾನು ಮೊದಲು ವಾಸಿಯಾಗದ ರೋಗಿಯೆಂದೇ ತಿಳಿದಿದ್ದೆ. ಬೆಟಗೇರಿಯ ನಮ್ಮ ಧರ್ಮದ ದವಾಖಾನೆಯ ಕಟ್ಟೆಯ ಮೇಲೆ ದಿನಾ ಬೆಳಿಗ್ಗೆ ಕೂತಿರುತ್ತಿದ್ದರು. ಮರುಕ ಉಕ್ಕಿ, "ಏನ್ ಬ್ಯಾನಿ ಐತ್ರಿ ಅವ್ವಾರ?" ಎಂದು ಕೇಳಿದೆ.

"ನಿಮ್ಮ ಕಮಿಟೀನ ನನ್ನ ಬ್ಯಾನಿ" ಎಂದರು.

ನಾನು ಹೊಸದಾಗಿ ಸೇರಿದ್ದ ಆ ಕಮಿಟಿಯ ಅಧ್ಯಕ್ಷರೇ ಅವರು. ಕಟ್ಟೆಯ ಮೇಲೆ ಕೂರುತ್ತಿದ್ದುದು, ಹಳ್ಳಿಗಳಿಂದ ಗಡಿಗೆ ಹೊತ್ತು ಬರುವ ಮೊಸರಿನ ಹೆಂಗಸರೊಡನೆ ಚೌಕಾಸಿ ಮಾಡಲು.

ಅದು ಏಕೀಕರಣದ ವರ್ಷದ ಬೇಸಿಗೆ. ನಾಡು ಒಂದಾಗಬೇಕೆಂಬುದರಲ್ಲಿ ನಮ್ಮ ಕಮಿಟಿಗೆ ಎರಡು ಮಾತಿರಲಿಲ್ಲ. ಬೆಂಚನ್ನು ಯಾವ ಗೋಡೆಗೆ ಹಾಕಬೇಕೆಂಬುದರಲ್ಲಿ ಮಾತ್ರ ಮೂರು ಪಕ್ಷಗಳಿದ್ದವು. ಒಂದು ಬೆಳಿಗ್ಗೆ ಸಭೆ ಸೇರಿದ್ದಾಗಲೇ ಅಸುಂಡಿಯಿಂದ ಒಬ್ಬ ಸೈಕಲ್ ತುಳಿದು ಏದುತ್ತ ಬಂದ. "ಮದುವಿ ಊಟಾ ಉಂಡವ್ರಿಗೆಲ್ಲಾ ವಾಂತಿಭೇದಿರಿ! ಅವ್ವಾರ, ನಿಮ್ಮ ಶೇಖವ್ವಾನೂ ಮಲಗ್ಯಾಳ್ರಿ!"

ಶೇಖವ್ವ ತಿಪ್ಪವ್ವನವರ ಮಗಳು. ಬಾಣಂತನ ಮುಗಿಸಿಕೊಂಡು, ಕೂಸಿನೊಂದಿಗೆ ಈಗಷ್ಟೇ ಅಸುಂಡಿಯ ಗಂಡನ ಮನೆಗೆ ಹೋಗಿದ್ದಳು. ಇದು ಕಾಲರಾವೋ ಅಲ್ಲವೋ ಯಾರಿಗೂ ತಿಳಿಯದು. ಡಾಕ್ಟರು ಹುಬ್ಬಳ್ಳಿಗೆ ಹೋಗಿದ್ದರು. ಕಪಾಟಿನಲ್ಲಿದ್ದ ಕಾಲರಾ ಲಸಿಕೆ ಒಂದೂರಿಗೆ ಸಾಕಾದರೆ ಹೆಚ್ಚು.

ವಕೀಲ ಅಂದಾನಪ್ಪನವರು ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ಅದಿಲ್ಲದೆ ಅವರಿಗೆ ಮಾತು ಹೊರಡುತ್ತಿರಲಿಲ್ಲ. "ಜಲ್ದಿ ಠರಾವು ಮಾಡೂಣು. ಲಸಿಕಿ ಎಲ್ಲಾ ಅಸುಂಡಿಗೇ!"

ತಿಪ್ಪವ್ವ ರಸ್ತೆಯನ್ನೇ ನೋಡುತ್ತಿದ್ದರು. "ಅಸುಂಡಿ ಮೊಸರಿನವ್ರು ಬಂದು ಹೋದ್ರು. ಕಳಸಾಪುರದವ್ರು ಒಬ್ರೂ ಬಂದಿಲ್ಲಲ್ಲ?"

"ಮಂದಿ ಸಾಯಾಕ ಹತ್ಯಾರ, ನಿಮಗ ಮೊಸರಿನ ಚಿಂತಿ!" ಎಂದರು ವಕೀಲರು.

"ಮಳಿ ಬರ್ಲಿ, ಗಾಳಿ ಬೀಸ್ಲಿ, ಅವ್ರು ಗಡಿಗಿ ಇಳಸೋರಲ್ಲ. ಒಬ್ಬಾಕಿನೂ ಬಂದಿಲ್ಲಂದ್ರ ಅಲ್ಲೇ ಏನೋ ಆಗೇತಿ. ಇಸ್ಮಾಯಿಲಸಾಬ, ಅರ್ಧಾ ಲಸಿಕಿ ತಗೊಂಡು ಕಳಸಾಪುರಕ್ಕ ನಡಿ. ಅರ್ಧಾ ಇಲ್ಲೇ ಇರ್ಲಿ. ಮೊದಲ ಮಳಿಗೇ ಬೀಜ ಪೂರಾ ಬಿತ್ತತಾರೇನು? ವಕೀಲರ, ನೀವು ಅಸುಂಡಿಗೆ ಹೋಗಿ ನೋಡ್ಕೊಂಡು ಬರ್ರಿ."

"ನಾನ?" ಅಂದಾನಪ್ಪನವರು ಗುಂಡಿ ಬಿಚ್ಚತೊಡಗಿದರು.

"ಠರಾವು ಬೇಕೇನು?"

ಅವರು ಟಾಂಗಾ ಹತ್ತಿದರು. ನಮ್ಮ ಕಂಪೌಂಡರ್ ಇಸ್ಮಾಯಿಲಸಾಬ ಅಷ್ಟರಲ್ಲಿ ಊರು ದಾಟಿದ್ದ.

ಮಧ್ಯಾಹ್ನ ಕಳಸಾಪುರದಿಂದ ಅವನ ಖಬರು ಬಂತು: ಖರೆ ಕಾಲರಾ, ಒಂದೇ ಬಾವಿಯ ಸುತ್ತಿನ ಮನೆಗಳಲ್ಲಿ, ಉಳಿದ ಲಸಿಕೆಯನ್ನೂ ಕಳಿಸಿರಿ. ಅಸುಂಡಿಯ ದಾರಿಯಲ್ಲಿ ಟಾಂಗಾದ ಧೂಳೂ ಕಾಣುತ್ತಿರಲಿಲ್ಲ. ನಾವೆಲ್ಲ ತಿಪ್ಪವ್ವನವರ ಮುಷ್ಟಿಯನ್ನೇ ನೋಡಿದೆವು. ಕಪಾಟಿನ ಕೀಲಿ ಅದರೊಳಗಿತ್ತು. "ವಕೀಲರು ಬರ್ಲಿ ತಡೀರಿ" ಎಂದು ಯಾರೋ ಅಂದರು.

"ಉರಿಯೂದು ಕಣ್ಣಿಗೆ ಕಂಡಮ್ಯಾಲ ತಡೀತಾರೇನು?" ಮುಷ್ಟಿ ಬಿಚ್ಚಿದಾಗ ಅಂಗೈಯಲ್ಲಿ ಕೀಲಿಯ ಹಲ್ಲು ಕೆಂಪಗೆ ಮೂಡಿತ್ತು. ಲಸಿಕೆ ಹೊರಟಿತು. ಅವರು ಒಳಗೆ ಹೋಗಿ ನೀರು ಕುಡಿದರು, ಹೊರಬಂದರು, ಮತ್ತೆ ಹೋಗಿ ಕುಡಿದರು.

ಇಳಿಹೊತ್ತಿಗೆ ಟಾಂಗಾ ನಿಲ್ಲುವ ಮೊದಲೇ ಅಂದಾನಪ್ಪನವರು ಜಿಗಿದರು. ಕೋಟೇ ಇರಲಿಲ್ಲ! "ಕಾಲರಾ ಅಲ್ರೀ! ಕಲಾಯಿ ಹೋದ ತಾಮ್ರದ ಹಂಡೇದಾಗ ಹುಳಿ ಮಜ್ಜಿಗಿ ಇಟ್ಟಿದ್ರು, ಕಿಲುಬು ಇಳದು ವಿಷಾ ಆಗೇತಿ! ಶೇಖವ್ವ ಎದ್ದು ಗಂಜಿ ಕುಡದ್ಲು!"

ತಿಪ್ಪವ್ವ ಕಟ್ಟೆಯ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು. ಅಂದಾನಪ್ಪನವರು ಭಕ್ತಿಯಿಂದ ಬಗ್ಗಿ ಕೇಳಿದರು: "ಅವ್ವಾರ, ಅಸುಂಡ್ಯಾಗ ಕಾಲರಾ ಇಲ್ಲಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿದ್ರ ನಿಮ್ಮನ್ನ ಯಾಕ ಕಳಸ್ತಿದ್ನಿ?"