ರುಚಿ ನೋಡದೆ ಮಾಡಿದ ಸಿಗಡಿ

ರಕ್ತದೊತ್ತಡ ಏರಿ ಮಾವನವರು ರಾಯಚೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಬಂದರು. ಡಾಕ್ಟರು ಮಟನ್ನು, ಕರಿದದ್ದು ಎರಡನ್ನೂ ಬಿಡಿಸಿದರು. ಮೀನು, ಸಿಗಡಿ ತಿನ್ನಲಿ, ತರಕಾರಿ ಜಾಸ್ತಿ ಇರಲಿ, ಉಪ್ಪು ಮಾತ್ರ ಚಿಟಿಕೆ ದಾಟಬಾರದು ಎಂದರು. ಆ ಚಿಟಿಕೆಯೇ ನನ್ನ ನೆಮ್ಮದಿ ಕೆಡಿಸಿತು.

ನಾನು ದೇವದುರ್ಗದ ಲಿಂಗವಂತರ ಮನೆಯ ಮಗಳು. ಪ್ರೀತಿಸಿ ಮದುವೆಯಾಗಿ ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಮಾಂಸ, ಮೀನು ಎಲ್ಲ ಬೇಯಿಸಿದ್ದೇನೆ, ಒಂದು ದಿನವೂ ಬಾಯಿಗಿಟ್ಟಿಲ್ಲ. ತೊಳೆಯುವುದು, ಕೊನೆಗೆ ರುಚಿ ನೋಡುವುದು ಗಂಡನ ಪಾಲು. ಅವತ್ತು ಅವರು ಸಿಗಡಿ ತೊಳೆದು ಫ್ರಿಜ್ಜಿನಲ್ಲಿಟ್ಟು ಮಾನ್ವಿಗೆ ಡ್ಯೂಟಿಗೆ ಹೋಗಿದ್ದರು. ಮನೆಯಲ್ಲಿ ಮಾವ, ನಾನು ಇಬ್ಬರೇ.

ಗಜ್ಜರಿ, ಬೀನ್ಸ್, ಡೊಣ್ಣಮೆಣಸಿನಕಾಯಿ ಉದ್ದುದ್ದ ಹೆಚ್ಚಿಕೊಂಡೆ. ಉರಿ ಜೋರು ಮಾಡಿ, ಒಂದೇ ಚಮಚ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಸಿಗಡಿ ಸುರಿದೆ. ಹೆಚ್ಚು ಹೊತ್ತು ಬಿಟ್ಟರೆ ರಬ್ಬರು, ಬೇಗ ಇಳಿಸಿದರೆ ಹಸಿ. ಕೆಂಪಗೆ ಮುದುಡಿದ ಕೂಡಲೇ ತೆಗೆದಿಟ್ಟು, ಅದೇ ಬಾಣಲೆಯಲ್ಲಿ ತರಕಾರಿ ಹುರಿದು ಮತ್ತೆ ಕೂಡಿಸಿದೆ. ಉಪ್ಪಿನ ಡಬ್ಬಿ ತೆಗೆದೆ. ಒಂದು ಚಿಟಿಕೆ ಹಾಕಿದೆ. ಸಪ್ಪಗಾದರೆ ಊಟವನ್ನೇ ಬಿಡುತ್ತಾರೆ. ಆಸ್ಪತ್ರೆಯಿಂದ ಬಂದಾಗಿನಿಂದ ಅರ್ಧ ರೊಟ್ಟಿಗೇ ಏಳುತ್ತಿದ್ದರು. ಇನ್ನೂ ಅರ್ಧ ಚಿಟಿಕೆ ಹಾಕಿದೆ.

"ಉಪ್ಪು ಹೆಂಗ ಆಗ್ಯದ್ರಿ ಮಾವಾ?"

"ಛಲೋ ಆಗ್ಯದವಾ."

ಎರಡನೆಯ ರೊಟ್ಟಿ ಮುರಿದರು. ನನಗೆ ಹಿಗ್ಗು. ಆಮೇಲೆ ನೋಡಿದರೆ ಮೂರನೆಯ ಲೋಟ ನೀರು ಕುಡಿಯುತ್ತಿದ್ದಾರೆ. ಮತ್ತೆ ಕೇಳಿದೆ, ಅದೇ ಉತ್ತರ. ಅಡುಗೆಮನೆಗೆ ಓಡಿ, ಬಾಣಲೆಯಲ್ಲಿ ಉಳಿದಿದ್ದ ಒಂದು ಸಿಗಡಿಯನ್ನು ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡೆ. ಬರೀ ಉಪ್ಪು. ಬಂದವಳೇ ಅವರ ಮುಂದಿನ ತಟ್ಟೆ ಎತ್ತಿಕೊಂಡೆ.

"ವಾಸನಿ ಹೋಗ್ಲಿ ಅಂತ ಮುಂಜಾನಿ ಅಂವ ತೊಳದಮ್ಯಾಗ ಉಪ್ಪು ತಿಕ್ಕಿಟ್ಟಿದ್ದ. ನಾ ನೋಡಿದ್ದೆ," ಎಂದರು ಮಾವ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ.

"ಮತ್ತ ಯಾಕ ಹೇಳಲಿಲ್ರಿ? ನಿಮಗೇನರ ಆದ್ರ?" ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ತಾ ಬಾಯಿಗೆ ಹಚ್ಚದಾಕಿ ನನ್ನ ಸಲುವಾಗಿ ಮಾಡ್ಯಾಳ. ಉಪ್ಪು ಜಾಸ್ತಿ ಅಂತ ಹೆಸರಿಡಾಕ ಮನಸ್ಸಾಗಲಿಲ್ಲವಾ."

"ಈಗ ಬಾಯಿಗೆ ಹಚ್ಚೀನ್ರಿ," ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತ ಕುಳಿತರು. ಎಂಜಲು ಕೈ ಹಾಗೇ ಒಣಗಿತು.